ತಿಪ್ಪೇಶನ ಪಾಸ್‌ವರ್ಡ್

ನಮ್ಮೂರಲ್ಲಿ ಯಾರೂ ಯಾರನ್ನೂ ‘ಊಟ ಆಯ್ತಾ?’ ಅಂತ ಕೇಳುವುದಿಲ್ಲ. ‘ಊಟ ಆಗಿರಬೇಕು’ ಅನ್ನುತ್ತೇವೆ. ಎದುರಿನವರು ‘ಹೂಂ, ಆಯ್ತು’ ಅನ್ನುತ್ತಾರೆ. ಹೊರಗಿನಿಂದ ಬಂದವರಿಗೆ ಇದು ತಮಾಷೆಯಾಗಿ ಕಾಣುತ್ತದೆ, ಕಾಣಲಿ. ಗಣಿತದ ಮೇಷ್ಟ್ರು ಸತ್ತ ನಾಲ್ಕನೇ ದಿನ ಮನೆಗೆ ಬಂದು ಕುರ್ಚಿಯಲ್ಲಿ ಕೂತಾಗ ಅವರ ಹೆಂಡತಿ ಎಷ್ಟೋ ವರ್ಷದ ರೂಢಿಯಲ್ಲಿ ಬಾಯಿತಪ್ಪಿ ‘ಊಟ ಆಯ್ತಾ?’ ಅಂತಲೇ ಕೇಳಿಬಿಟ್ಟರು. ಮೇಷ್ಟ್ರು ‘ಇಲ್ಲ’ ಅಂದರಂತೆ, ಎದ್ದರಂತೆ, ಹೋದರಂತೆ. ಆಕೆ ಕೇಳಬೇಕೆಂದಿದ್ದದ್ದು ಬೇರೆಯೇ ಇತ್ತು. ಅದೇನೆಂದು ಇವತ್ತಿಗೂ ಯಾರಿಗೂ ಹೇಳಿಲ್ಲ, ಪಾಪ. ಅವತ್ತಿನಿಂದ ಊರಲ್ಲಿ ಆ ಪ್ರಶ್ನೆ ನಿಂತಿತು.

ಸತ್ತವರು ನಾಲ್ಕನೇ ದಿನ ಬೆಳಿಗ್ಗೆ ಬಿಸಿಲೇರಿದ ಮೇಲೆ ಬರುತ್ತಾರೆ. ನಡುಮನೆಯಲ್ಲಿ ಅವರಿಗೊಂದು ಕುರ್ಚಿ ಹಾಕಿ, ಎದುರಿಗೆ ಒಂದು ಮಣೆ ಇಡಬೇಕು. ಮಣೆಯ ಮೇಲೆ ಕೂತವರು ಒಂದು ಪ್ರಶ್ನೆ ಕೇಳಬಹುದು. ಒಂದೇ. ಉತ್ತರ ಕೇಳಿದವರ ಕಿವಿಗೆ ಮಾತ್ರ ಬೀಳುತ್ತದೆ. ಸತ್ತವರು ಸುಳ್ಳು ಹೇಳುವುದಿಲ್ಲ, ಎರಡನೇ ಪ್ರಶ್ನೆಗೆ ಕಾಯುವುದೂ ಇಲ್ಲ. ಯಾಕೆ, ಹೇಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನ ಬಸ್ಸು ಯಾಕೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ನಾನು ಕೇಳಿದೆನಾ?

ಇದರಿಂದ ಒಂದು ಕೆಟ್ಟ ಚಾಳಿ ಬೆಳೆಯಿತು. ನಮ್ಮೂರಿನವರು ಏನನ್ನೂ ಬರೆದಿಡುವುದಿಲ್ಲ. ಬೀರುವಿನ ಬೀಗದ ಕೈ ಎಲ್ಲಿದೆ, ಹೊಲದ ಪತ್ರ ಯಾರ ಹತ್ತಿರ ಇದೆ, ಉಪ್ಪಿನಕಾಯಿಗೆ ಏನೇನು ಹಾಕಬೇಕು, ಎಲ್ಲದಕ್ಕೂ ಒಂದೇ ಮಾತು: ‘ಸತ್ತ ಮೇಲೆ ಕೇಳ್ಕೊಳ್ಳಿ.’ ಇಂಥ ಜನಕ್ಕೆ ಕ್ರಿಪ್ಟೊ ವ್ಯಾಲೆಟ್ ಮಾಡಿಕೊಟ್ಟವರು ನಾವು, ನಾನು ಮತ್ತು ತಿಪ್ಪೇಶ. ನಮಗೆ ಬುದ್ಧಿ ಇತ್ತೋ ಇಲ್ಲವೋ ನೀವೇ ಹೇಳಿ.

ನನ್ನ ಹೆಸರು ಸರ್ವಮಂಗಳಾ. ಮದುವೆಯಾಗಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ, ಬಾಯಿ ಸ್ವಲ್ಪ ಜೋರು. ತಿಪ್ಪೇಶ ನನಗಿಂತ ಚಿಕ್ಕವನು, ನನ್ನನ್ನು ಮಂಗಳಕ್ಕ ಅನ್ನುತ್ತಿದ್ದ. ಊರಿನ ಬ್ಯಾಂಕು ಬಾಗಿಲು ಮುಚ್ಚಿಕೊಂಡು ಹೋದ ಮೇಲೆ ಸಂತೆಯಲ್ಲಿ, ಅಂಗಡಿಯಲ್ಲಿ, ಸ್ಕೂಲಿನ ಫೀಸಿಗೆ, ಎಲ್ಲ ಕಡೆ ಬಿಲ್ಲೆ ಶುರುವಾಯಿತು. ಬಿಲ್ಲೆ ಅಂದರೆ ಕೈಯಲ್ಲಿ ಹಿಡಿಯುವ ನಾಣ್ಯವಲ್ಲ, ಕಂಪ್ಯೂಟರಿನೊಳಗಿನ ನಾಣ್ಯ. ಅದನ್ನು ಇಟ್ಟುಕೊಳ್ಳಲು ಒಂದು ಚೀಲ ಬೇಕಲ್ಲ? ಅದಕ್ಕೆ ನಾವಿಬ್ಬರೂ ಆ ಬ್ಯಾಂಕಿನ ಖಾಲಿ ಕಟ್ಟಡದಲ್ಲೇ ಎರಡು ಮೇಜು ಹಾಕಿಕೊಂಡು ಬ್ರೌಸರಿಗೆ ಅಂಟಿಸುವ ಒಂದು ಎಕ್ಸ್‌ಟೆನ್ಶನ್ ಬರೆದೆವು. ಹೆಸರು ‘ಸಂಚಿ’. ಪರದೆಯ ಮೇಲ್ಮೂಲೆಯಲ್ಲಿ ಕೆಂಪು ಬಟ್ಟೆಯ ಪುಟ್ಟ ಸಂಚಿಯ ಚಿತ್ರ. ಒತ್ತಿದರೆ ಚಿಕ್ಕ ಕಿಟಕಿ ತೆರೆದು, ‘ಇಷ್ಟು ಬಿಲ್ಲೆ ಇಂಥವರಿಗೆ ಹೋಗುತ್ತದೆ, ಒಪ್ಪಿಗೆಯೇ?’ ಎನ್ನುತ್ತದೆ. ಕೆಳಗೆ ‘ಹೂಂ’, ‘ಬೇಡ’. ಒಮ್ಮೆ ‘ಹೂಂ’ ಒತ್ತಿದರೆ ದೇವರೇ ಬಂದರೂ ವಾಪಸ್ಸಿಲ್ಲ.

ಹೊಸದಾಗಿ ಸಂಚಿ ತೆರೆದವರಿಗೆ ಅದು ಹನ್ನೆರಡು ಪದ ತೋರಿಸುತ್ತದೆ. ಕಂಪ್ಯೂಟರ್ ಸುಟ್ಟುಹೋದರೂ ಆ ಪದಗಳಿದ್ದರೆ ಬೇರೆ ಕಡೆ ಸಂಚಿಯನ್ನು ಮತ್ತೆ ತೆರೆಯಬಹುದು. ‘ಇವನ್ನು ಕಾಗದದ ಮೇಲೆ ಬರೆದಿಡಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆ. ‘ಬರೆದುಕೊಂಡೆ’ ಅಂತ ಗುರುತು ಹಾಕಿದರೆ ಮಾತ್ರ ಮುಂದಕ್ಕೆ ಬಿಡುವಂತೆ ಮಾಡಿದ್ದೆ. ಎಲ್ಲರೂ ಗುರುತು ಹಾಕಿದರು, ಒಬ್ಬರೂ ಬರೆದುಕೊಳ್ಳಲಿಲ್ಲ. ಬಳೆ ಅಂಗಡಿಯ ಮುಮ್ತಾಜಮ್ಮನನ್ನು ಅಂಗಡಿಗೇ ಹೋಗಿ ಬೈದೆ. ಆಕೆ ನಕ್ಕು, ‘ಅಯ್ಯೋ ಹೋಗಮ್ಮಾ, ನಾನು ಸತ್ರೆ ನನ್ನ ಮಗಳು ಕೇಳ್ಕೊಂತಾಳೆ. ಕಾಗದಕ್ಕಿಂತ ನಾನು ವಾಸಿ ಅಲ್ವಾ?’ ಅಂದಳು.

ಊರವರ ಮಾತು ಬಿಡಿ. ತಿಪ್ಪೇಶನೂ ಅದೇ ಜಾತಿ. ಸಂಚಿಗೆ ಹೊಸ ಅಪ್‌ಡೇಟ್ ಕಳಿಸಬೇಕಾದರೆ ಒಂದು ಗುಟ್ಟಿನ ಕೀಲಿಯಿಂದ ಸಹಿ ಹಾಕಬೇಕು. ಆ ಸಹಿ ಇಲ್ಲದಿದ್ದರೆ ಬ್ರೌಸರಿನವರು ತೆಗೆದುಕೊಳ್ಳುವುದಿಲ್ಲ. ಕೀಲಿ ಆಫೀಸಿನ ಕಂಪ್ಯೂಟರಿನಲ್ಲೇ ಇತ್ತು, ಅದನ್ನು ತೆರೆಯುವ ಪಾಸ್‌ವರ್ಡ್ ತಿಪ್ಪೇಶನ ತಲೆಯಲ್ಲಿತ್ತು. ‘ನನಗೂ ಹೇಳೋ’ ಅಂದರೆ, ‘ಪಾಸ್‌ವರ್ಡ್ ಇಬ್ಬರಿಗೆ ಗೊತ್ತಾದ್ರೆ ಅದು ಪಾಸ್‌ವರ್ಡ್ ಅಲ್ಲ ಮಂಗಳಕ್ಕ, ನೀವೇ ಹೇಳ್ಕೊಟ್ಟಿದ್ದು. ನಾನು ಸತ್ರೆ ಕೇಳಿ’ ಅನ್ನುತ್ತಿದ್ದ. ನಗುತ್ತಿದ್ದ. ನಾನೂ ನಗುತ್ತಿದ್ದೆ, ಅದು ನಮ್ಮ ದಿನದ ತಮಾಷೆ.

ಒಂದು ಮಧ್ಯಾಹ್ನ ನಾನು ಊಟ ಮುಗಿಸಿಕೊಂಡು ಬರುವಷ್ಟರಲ್ಲಿ ಆಫೀಸಿನ ಮುಂದೆ ಜನ ಸೇರಿದ್ದರು. ತಿಪ್ಪೇಶ ಕಟ್ಟಡದ ಮಾಳಿಗೆಯಿಂದ ಬಿದ್ದಿದ್ದ. ಇಂಟರ್ನೆಟ್ ಹೋದಾಗಲೆಲ್ಲ ಅವನು ಮೇಲೆ ಹತ್ತಿ, ಕಟ್ಟೆಯ ಮೇಲೆ ನಿಂತು ಡಿಶ್ ತಿರುಗಿಸುತ್ತಿದ್ದ. ಎಷ್ಟು ಸಲ ಬೈದಿದ್ದೆನೋ. ಅವತ್ತು ಗಾಳಿಯೂ ಇತ್ತು. ಅವನ ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಚರಂಡಿಯಲ್ಲಿತ್ತು. ಅದನ್ನು ನಾನೇ ಎತ್ತಿ ತೊಳೆದೆ. ಯಾಕೆ ತೊಳೆದೆನೋ ಗೊತ್ತಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಹೊತ್ತಿಗೆ ಊರಲ್ಲಿ ಇನ್ನೊಂದು ಬೊಬ್ಬೆ ಎದ್ದಿತ್ತು. ಸಂಚಿಗಳು ಖಾಲಿಯಾಗುತ್ತಿದ್ದವು. ಹಿಟ್ಟಿನ ಗಿರಣಿಯವನದು, ಔಷಧಿ ಅಂಗಡಿಯವರದು, ಇಬ್ಬರು ಟೀಚರುಗಳದು. ಯಾರೂ ‘ಹೂಂ’ ಒತ್ತಿರಲಿಲ್ಲ. ನಾನು ಕೂತು ಸಂಚಿಯ ಪ್ರೋಗ್ರಾಂ ಕೋಡನ್ನು ಸಾಲು ಸಾಲಾಗಿ ಹುಡುಕಿದೆ. ಹೊರಗಿನ ಯಾರೋ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದ ಕೋಡಿನ ಒಂದು ತುಣುಕನ್ನು ತಿಪ್ಪೇಶ ನಮ್ಮ ಸಂಚಿಯಲ್ಲಿ ಸೇರಿಸಿದ್ದ. ಎಲ್ಲರೂ ಹಾಗೆ ಮಾಡುತ್ತಾರೆ, ಅಡುಗೆಗೆ ಅಂಗಡಿಯ ಮಸಾಲೆ ತಂದಂತೆ. ಆ ತುಣುಕು ಈಗ ಯಾರೋ ಕಳ್ಳರ ಕೈಗೆ ಹೋಗಿತ್ತು. ಅದರ ಹೊಸ ಆವೃತ್ತಿ ನಮ್ಮ ಹಿಂದಿನ ಅಪ್‌ಡೇಟಿನ ಜೊತೆ ಒಳಗೆ ಬಂದು, ಯಾರು ಸಂಚಿ ತೆರೆದರೂ ಅವರ ಹನ್ನೆರಡು ಪದಗಳನ್ನು ಕದ್ದು ಹೊರಗೆ ಕಳಿಸುತ್ತಿತ್ತು.

ಮೈಕ್ ಕಟ್ಟಿದ ಆಟೋದಲ್ಲಿ ಕೂಗಿಸಿದೆ: ಯಾರೂ ಸಂಚಿ ತೆರೆಯಬೇಡಿ. ತೆರೆಯದಿದ್ದರೆ ಬಿಲ್ಲೆ ಉಳಿಯುತ್ತದೆ. ಆದರೆ ತೆರೆಯದೆ ಅಕ್ಕಿ ತರುವುದು ಹೇಗೆ? ಬಿಲ್ಲೆಯನ್ನು ಬೇರೆ ಕಡೆ ಸಾಗಿಸೋಣವೆಂದರೆ ಹನ್ನೆರಡು ಪದ ಬೇಕು, ಪದ ನೋಡಬೇಕಾದರೆ ಸಂಚಿ ತೆರೆಯಬೇಕು. ಕಾಗದದ ಮೇಲೆ ಯಾರೂ ಬರೆದಿಟ್ಟಿಲ್ಲ. ಸಂಚಿಯನ್ನೇ ಕಿತ್ತು ಹಾಕಿದರೆ ಒಳಗಿದ್ದದ್ದೂ ಹೋದಂತೆ. ಉಳಿದದ್ದು ಒಂದೇ ದಾರಿ. ಆ ತುಣುಕು ತೆಗೆದ ಹೊಸ ಅಪ್‌ಡೇಟ್ ಕಳಿಸಬೇಕು. ಅಪ್‌ಡೇಟ್ ಬರೆದೂ ಮುಗಿಸಿದೆ. ಸಹಿ ಹಾಕಲು ಪಾಸ್‌ವರ್ಡ್ ಬೇಕಿತ್ತು. ತಿಪ್ಪೇಶ ಸಾಯುವುದಕ್ಕೆ ಸ್ವಲ್ಪ ಮುಂಚೆ ಅದನ್ನು ಬದಲಾಯಿಸಿದ್ದ ಎಂದು ಕಂಪ್ಯೂಟರ್ ತೋರಿಸುತ್ತಿತ್ತು. ಸುಮ್ಮಸುಮ್ಮನೆ ಬದಲಾಯಿಸುವವನಲ್ಲ, ಹಾಗಾದರೆ ಕಳ್ಳತನ ಅವನಿಗೆ ಗೊತ್ತಾಗಿತ್ತು. ನನಗೆ ಒಂದು ಫೋನ್ ಮಾಡಿರಲಿಲ್ಲ.

ಆಗ ಊರಿನವರೆಲ್ಲರ ಕಣ್ಣು ತಿಪ್ಪೇಶನ ಮನೆಯ ಮೇಲೆ ಬಿತ್ತು. ನಾಲ್ಕನೇ ದಿನ ಅವನು ಬರುತ್ತಾನಲ್ಲ. ಕೇಳುವ ಹಕ್ಕು ಹೆಂಡತಿಯದು. ಹೆಂಡತಿಯ ಹೆಸರು ಹೇಮಾವತಿ, ಹೊಲಿಗೆ ಕಲಿಸುತ್ತಾಳೆ, ಎಣಿಸಿ ಮಾತಾಡುವ ಹೆಣ್ಣು. ನಾನು ಹೋದಾಗ ಅವಳು ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಒಲೆಯ ಪಕ್ಕದ ಡಬ್ಬಿಯಲ್ಲಿ ರೊಟ್ಟಿಗಳು ಒಣಗಿ ಸೆಟೆದಿದ್ದವು. ತೆಗೆಯಲು ಹೋದೆ.

‘ಮುಟ್ಟಬೇಡಿ ಅಕ್ಕ’ ಅಂದಳು. ‘ಅವತ್ತು ಬೆಳಿಗ್ಗೆ ಮಾಡಿದ್ದು. ಬಡಿಸಿದೆ, ತಿನ್ನಲಿಲ್ಲ. ಬಾಯಲ್ಲಿ ಮಾತೇ ಇಲ್ಲ. ಎಷ್ಟು ಕೇಳಿದ್ರೂ ಏನಾಯ್ತು ಅಂತ ಹೇಳಲಿಲ್ಲ. ನಂಗೆ ಸಿಟ್ಟು ಬಂತು. ಎಲ್ಲಾದ್ರೂ ಹೋಗಿ ಬಿದ್ದು ಸಾಯ್ರಿ ಅಂದುಬಿಟ್ಟೆ.’

‘ಎಲ್ಲರೂ ಅಂತಾರೆ ಹೇಮಾ. ದಿನಕ್ಕೆ ನಾಲ್ಕು ಸಲ ನಾನೇ ಅಂತೀನಿ.’

‘ನೀವಂದ್ರೆ ಯಾರೂ ಬೀಳಲ್ಲ.’ ಅವಳು ನನ್ನ ಕೈ ಹಿಡಿದುಕೊಂಡಳು. ‘ಇಂಟರ್‌ನೆಟ್ ಹೋಗಿತ್ತಾ ಅಕ್ಕ ಅವತ್ತು? ಡಿಶ್ ತಿರುಗಿಸೋಕೆ ಹತ್ತಿದ್ರಾ?’

‘ನಾನು ಊಟಕ್ಕೆ ಹೋಗಿದ್ದೆ. ಗೊತ್ತಿಲ್ಲ’ ಅಂದೆ. ಅದು ನಿಜ.

‘ನಾನು ಕೇಳೋದು ಅದೊಂದೇ. ಜಾರಿದ್ರಾ, ಹಾರಿದ್ರಾ. ಹಾರಿದ್ರೆ ನನ್ನ ಮಾತಿಗೇ. ಅಷ್ಟು ಗೊತ್ತಾಗದೆ ನಾನು ಬದುಕೋದು ಹೆಂಗೆ ಹೇಳಿ.’

ಪಾಸ್‌ವರ್ಡ್ ಮಾತೆತ್ತದೆ ಎದ್ದು ಬಂದೆ. ನಾನು ಹೇಳದಿದ್ದರೆ ಏನಂತೆ, ಹೇಳುವವರು ಸಾಲುಗಟ್ಟಿ ಬಂದರು. ತಿಪ್ಪೇಶನ ಅಪ್ಪ ಓಂಕಾರಪ್ಪನವರು ಜಗಲಿಯಲ್ಲಿ ಕೂತು ಬಂದವರಿಗೆಲ್ಲ ‘ಕಾಲು ಜಾರಿದ್ದಪ್ಪ, ಗಾಳಿಗೆ’ ಎನ್ನುತ್ತಿದ್ದರು. ಮಗ ಜಾರಿದ್ದೇ ಎಂದು ಊರೆಲ್ಲ ಒಪ್ಪಿದ ಮೇಲೆ ಕೇಳುವುದೇನಿದೆ ಎಂಬುದು ಅವರ ಲೆಕ್ಕ. ಒಳಗೆ ಬಂದು ಸೊಸೆಗೆ, ‘ನೋಡಮ್ಮ, ಊರಿಗೆ ಊರೇ ಉಪವಾಸ ಕೂತಿದೆ. ನನ್ನ ಮಗನ ಹೆಸರಿಗೆ ಮಸಿ ಹತ್ತುತ್ತೆ. ಆ ಕೀಲಿ ಕೇಳಿಬಿಡು’ ಅಂದರು. ಹೇಮಾ ತಲೆಯೆತ್ತಲಿಲ್ಲ. ಔಷಧಿ ಅಂಗಡಿಯವರು ಹೊಸಿಲಾಚೆ ನಿಂತು ಗಟ್ಟಿಯಾಗಿ ಅತ್ತರು. ಗಿರಣಿಯವನು ಒಂದು ಕಲ್ಲನ್ನೂ ಎಸೆದ. ಕಲ್ಲು ಯಾರಿಗೂ ತಾಗಲಿಲ್ಲ, ಕಿಟಕಿಯ ಗಾಜು ಹೋಯಿತು. ಅವನನ್ನು ನಾನು ಬೀದಿಯ ಕೊನೆಯವರೆಗೂ ಬೈದುಕೊಂಡು ಅಟ್ಟಿದೆ.

ಕೊನೆಗೆ ಮುಮ್ತಾಜಮ್ಮ ಬಂದಳು. ಮಗಳ ಮದುವೆಯ ದುಡ್ಡೆಲ್ಲ ಸಂಚಿಯಲ್ಲೇ ಇತ್ತು, ಪುಣ್ಯಕ್ಕೆ ತೆರೆದಿರಲಿಲ್ಲ. ಆದರೂ ಅವಳು ಪಾಸ್‌ವರ್ಡಿನ ಮಾತೆತ್ತಲಿಲ್ಲ. ಹೇಮಾಳ ಪಕ್ಕ ಕೂತು ಅವಳ ಬರಿಗೈಯನ್ನು ನೋಡುತ್ತ, ‘ನನ್ನ ಯಜಮಾನ್ರು ಸತ್ತಾಗ ನಾನು ಕೇಳಿದೆ ಕಣವ್ವ. ನನ್ನ ಮೇಲೆ ಪ್ರೀತಿ ಇತ್ತಾ ಅಂತ. ಹೆಂಗೂ ಹೂಂ ಅಂತಾರೆ, ಅದೊಂದು ಮಾತು ಇಟ್ಕೊಂಡು ಕಾಲ ಕಳೀಬಹುದು ಅಂದ್ಕೊಂಡೆ’ ಅಂದಳು.

‘ಏನಂದ್ರು?’ ಹೇಮಾ ತಲೆಯೆತ್ತಿ ಅವಳ ಕಡೆ ನೋಡಿದಳು.

ಮುಮ್ತಾಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಸುಳ್ಳು ಹೇಳೋಕೆ ಬರಲ್ಲ ಅವರಿಗೆ’ ಅಂದು ಎದ್ದು ಹೋದಳು.

ಅವತ್ತು ಸಂಜೆ ಹೇಮಾ ನನ್ನನ್ನು ಕರೆದು, ‘ನಾಳೆ ಮಣೆ ಮೇಲೆ ನೀವು ಕೂತ್ಕೊಳ್ಳಿ’ ಅಂದಳು. ‘ನೀನೇ ಕೂತು ಪಾಸ್‌ವರ್ಡ್ ಕೇಳು, ಹೇಮಾ. ಹಕ್ಕು ನಿಂದು’ ಅಂದೆ. ಅವಳು ತಲೆಯಾಡಿಸಿದಳು. ‘ನಾನು ಕೂತ್ರೆ ಬಾಯಿಂದ ಬರೋದು ಅದೇ. ಎಷ್ಟು ಹಲ್ಲು ಕಚ್ಚಿದ್ರೂ ಅದೇ ಬರುತ್ತೆ. ಮುಮ್ತಾಜಮ್ಮನ ಮಗಳ ಮುಖ ಆಮೇಲೆ ನಾನು ನೋಡಬೇಕಲ್ಲ. ನೀವೇ ಕೂರಿ.’ ಹೀಗೆ ಅವಳು ತನ್ನ ಪ್ರಶ್ನೆಯನ್ನು ಊರಿಗೆ ಬಿಟ್ಟುಕೊಟ್ಟಳು. ಊರು ಅವಳಿಗೆ ಕಿಟಕಿಯ ಗಾಜನ್ನೂ ಹಾಕಿಸಿಕೊಡಲಿಲ್ಲ.

ನಾಲ್ಕನೇ ದಿನ ನಡುಮನೆ ತುಂಬ ಜನ, ಕಿಟಕಿಯಲ್ಲೂ ಜನ. ಕಡ್ಡಾಯವಾಗಿ ಬಾಯಿ ಮುಚ್ಚಿಕೊಂಡಿರಬೇಕೆಂದು ನಾನು ಎಚ್ಚರಿಸಿದ್ದೆ. ತಿಪ್ಪೇಶ ಬಂದ. ಅದೇ ಚೌಕಳಿ ಅಂಗಿ. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಅವನು ಮೊದಲು ಮಣೆಯನ್ನೇ ನೋಡಿದ. ಅಲ್ಲಿ ನಾನು ಕೂತಿದ್ದೆ. ಅವನ ಮುಖ ಇಳಿದುಹೋಯಿತು. ಆಮೇಲೆ ಗೋಡೆಯ ಪಕ್ಕ ನಿಂತಿದ್ದ ಹೇಮಾಳ ಕಡೆ ತಿರುಗಿ, ತುಂಬ ಹೊತ್ತು ನೋಡಿ, ಕುರ್ಚಿಯಲ್ಲಿ ಕೂತ. ಅವನನ್ನು ಹಿಡಿದು ಅಲುಗಾಡಿಸಿ ‘ನನಗ್ಯಾಕೆ ಫೋನ್ ಮಾಡಲಿಲ್ಲವೋ?’ ಎಂದು ಕೇಳಬೇಕು ಅನ್ನಿಸಿತು. ಅದನ್ನು ಬಿಟ್ಟು ‘ಅಪ್‌ಡೇಟಿಗೆ ಸಹಿ ಹಾಕೋ ಕೀಲಿಯ ಪಾಸ್‌ವರ್ಡ್ ಏನು?’ ಎಂದು ಕೇಳಿದೆ.

ಅವನು ಒಂದೊಂದೇ ಪದ ಬಿಡಿಸಿ ಹೇಳಿದ. ‘ಹೇಮಾ. ಕಾಲು. ಜಾರಲಿಲ್ಲ. ನಾನೇ. ಹಾರಿದೆ. ನಿನ್ನ. ಮಾತಿಗಲ್ಲ.’

ಹೇಳಿ ಎದ್ದು ಹೊರಟುಹೋದ.

ಅವನ ಲೆಕ್ಕ ನನಗೆ ಮಣೆಯ ಮೇಲೆ ಕೂತಲ್ಲೇ ಅರ್ಥವಾಯಿತು. ಒಂದೇ ಪ್ರಶ್ನೆ ಎಂದು ಅವನಿಗೂ ಗೊತ್ತಿತ್ತಲ್ಲ. ಊರು ಪಾಸ್‌ವರ್ಡ್ ಕೇಳಿಸುತ್ತದೆ, ಹೇಮಾಳ ಪ್ರಶ್ನೆ ಹಾಗೇ ಉಳಿದುಹೋಗುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಎರಡಕ್ಕೂ ಒಂದೇ ಉತ್ತರ ಮಾಡಿಟ್ಟ. ಹಾರುವ ಮೊದಲೇ ‘ಹಾರಿದೆ’ ಎಂದು ಬರೆದ. ಮಣೆಯ ಮೇಲೆ ಹೇಮಾ ಕೂರುತ್ತಾಳೆ, ಅವಳ ಕಿವಿಗೇ ಬೀಳುತ್ತದೆ ಎಂದುಕೊಂಡಿದ್ದ. ಬಿದ್ದದ್ದು ನನ್ನ ಕಿವಿಗೆ.

‘ಏನಂದ್ರು ಅಕ್ಕ?’ ಹೇಮಾ ಕೇಳಿದಳು. ನಡುಮನೆಯ ಜನವೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಓಂಕಾರಪ್ಪನವರು ಕೈ ಮುಗಿದುಕೊಂಡು ನಿಂತಿದ್ದರು, ದೇವರಿಗೋ ನನಗೋ ಗೊತ್ತಿಲ್ಲ. ‘ಪಾಸ್‌ವರ್ಡ್ ಹೇಳಿದ’ ಅಂದೆ. ‘ಬರೀ ಪದಗಳು ಹೇಮಾ. ಮೇಜು, ಕಾಗೆ, ಅಂಥವು.’

ಆಫೀಸಿಗೆ ಓಡಿದೆ. ಆ ಏಳು ಪದ ಹೊಡೆದೆ, ಕೀಲಿ ತೆರೆಯಿತು, ಅಪ್‌ಡೇಟ್ ಹೋಯಿತು. ಸಂಜೆಯೊಳಗೆ ಊರಿನ ಸಂಚಿಗಳೆಲ್ಲ ಬಿಗಿಯಾದವು. ಹೋದದ್ದು ಹೋಯಿತು, ಉಳಿದದ್ದು ಉಳಿಯಿತು. ಜನ ಬಂದು ನನಗೆ ಹಾರ ಹಾಕಿದರು. ಹಾರ ಹಾಕಿಸಿಕೊಂಡು ನಿಂತಿದ್ದೆನಲ್ಲ, ನನ್ನ ಮುಖಕ್ಕಿಷ್ಟು.

ಹೇಮಾಳಿಗೆ ನಾಳೆ ಹೇಳೋಣ ಅಂದುಕೊಂಡೆ. ಮರುದಿನ ಹೋದಾಗ ಅವಳು ಒಣಗಿದ ರೊಟ್ಟಿ ತೆಗೆದು ಹಸುವಿಗೆ ಹಾಕಿ, ಹೊಸದಾಗಿ ಅನ್ನಕ್ಕೆ ಇಟ್ಟಿದ್ದಳು. ಹೇಳದೆ ವಾಪಸ್ ಬಂದೆ. ಮುಂದಿನ ವಾರ ಹೊಲಿಗೆ ಕ್ಲಾಸು ಮತ್ತೆ ಶುರುವಾಯಿತು. ಓಂಕಾರಪ್ಪನವರು ಹೇಳಿ ಹೇಳಿ, ಕಾಲು ಜಾರಿದ್ದೇ ಎಂದು ಅವಳೂ ಅರೆಬರೆ ನಂಬುತ್ತಿದ್ದಳು. ‘ನಿನ್ನ ಮಾತಿಗಲ್ಲ’ ಎಂಬುದು ಅವಳಿಗೆ ಬೇಕಿತ್ತು, ನಿಜ. ಅದನ್ನು ಕೊಡಬೇಕಾದರೆ ‘ಹಾರಿದೆ’ ಎಂಬುದನ್ನೂ ಕೊಡಬೇಕಲ್ಲ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಡುವ ಉಪಾಯ ನನಗೆ ಹೊಳೆಯಲಿಲ್ಲ. ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂಬ ನಮ್ಮ ಕಸುಬಿನ ನಿಯಮದ ಹಿಂದೆ ಅಡಗಿ ಕೂತೆ. ಅದನ್ನು ಬದಲಾಯಿಸಬಹುದಿತ್ತು, ಬದಲಾಯಿಸಲಿಲ್ಲ. ಅಳಿಸಿದರೆ ಅವನ ಕೊನೆಯ ಮಾತು ಎಲ್ಲೂ ಇರುವುದಿಲ್ಲ ಅನ್ನಿಸಿತು. ಪ್ರತಿ ಅಪ್‌ಡೇಟಿಗೂ ಕೂತು ಆ ಏಳು ಪದ ಹೊಡೆಯುತ್ತಿದ್ದೆ. ಪ್ರತಿ ಸಲವೂ ಅಳುತ್ತಿದ್ದೆ.

ಮಳೆಗಾಲ ಕಳೆದು ಒಂದು ಬೆಳಿಗ್ಗೆ ಹೇಮಾ ಆಫೀಸಿಗೆ ಬಂದಳು. ತಿಪ್ಪೇಶನ ಮೇಜಿನ ಹತ್ತಿರ ನಿಂತು, ಅವನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ‘ಊಟ ಆಗಿರಬೇಕು’ ಅಂದಳು. ‘ಹೂಂ, ಆಯ್ತು’ ಅಂದೆ.

‘ಅಕ್ಕ, ನಿಮಗೆ ಯಾರೂ ಇಲ್ಲ ಅಲ್ವಾ? ನಾಳೆ ನೀವು ಹೋದ್ರೆ ನಿಮ್ಮ ಮಣೆ ಮೇಲೆ ಕೂರೋರು ಯಾರು?’

‘ಯಾರಾದ್ರೂ ಕೂರ್ತಾರೆ ಬಿಡು. ನನ್ನ ಹತ್ರ ಕೇಳೋಕೇನಿದೆ?’

‘ನಾನು ಕೂರ್ತೀನಿ’ ಅಂದಳು. ಸಿಟ್ಟಿರಲಿಲ್ಲ, ಬಟ್ಟೆಯ ಅಳತೆ ಹೇಳಿದ ಹಾಗೆ ಹೇಳಿದಳು. ‘ಮೇಜು, ಕಾಗೆ ಅಂದ್ರಿ ಅವತ್ತು. ಅವರು ಹೇಳುವಾಗ ನಾನು ಅವರ ತುಟಿ ನೋಡ್ತಿದ್ದೆ ಅಕ್ಕ. ಅವರ ಬಾಯಲ್ಲಿ ನನ್ನ ಹೆಸರು ಹೆಂಗೆ ಬರುತ್ತೆ ಅಂತ ನಂಗೊತ್ತಿಲ್ವಾ? ನೀವು ಹೋದ್ಮೇಲೆ ಕೇಳ್ತೀನಿ. ಆಗ ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಅಲ್ಲೀತನಕ ಕಾಯ್ಲಾ?’

ಇಷ್ಟು ತಿಂಗಳು ಅವಳು ಕಾದಿದ್ದಳು. ನಾನೇ ಹೇಳಲಿ ಎಂದು.

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಲು ನನಗೆ ಆಗಲಿಲ್ಲ. ಅವಳನ್ನು ತಿಪ್ಪೇಶನ ಕುರ್ಚಿಯಲ್ಲಿ ಕೂರಿಸಿದೆ. ಕಳಿಸಬೇಕಾದ ಅಪ್‌ಡೇಟ್ ಒಂದು ಹೇಗೂ ಇತ್ತು. ಪಾಸ್‌ವರ್ಡ್ ಕೇಳುವ ಕಿಟಕಿ ತೆರೆದು ಕೀಬೋರ್ಡನ್ನು ಅವಳ ಮುಂದಕ್ಕೆ ಸರಿಸಿದೆ. ‘ನಾನು ಹೇಳ್ತಾ ಹೋಗ್ತೀನಿ, ನೀನು ಹೊಡಿ. ಮೊದಲನೇದು ನಿನ್ನ ಹೆಸರು’ ಅಂದೆ.

ಅವಳು ಒಂದೊಂದೇ ಅಕ್ಷರ ಹುಡುಕಿ ಹೊಡೆದಳು. ಪರದೆಯ ಮೇಲೆ ಬರೀ ಕಪ್ಪು ಚುಕ್ಕೆಗಳು ಮೂಡುತ್ತಿದ್ದವು. ‘ಕಾಲು’ ಅಂದೆ. ಹೊಡೆದಳು. ‘ಜಾರಲಿಲ್ಲ’ ಅಂದೆ. ಅವಳ ಬೆರಳು ನಿಂತಿತು. ಕೆಳಗೆ ಬೀದಿಯಲ್ಲಿ ಯಾರೋ ಸೌತೆಕಾಯಿ ಕೂಗುತ್ತಿದ್ದರು. ಆ ಕೂಗು ದೂರ ಹೋಗುವವರೆಗೂ ಕಾದು, ಅದನ್ನೂ ಹೊಡೆದಳು. ‘ನಾನೇ’, ‘ಹಾರಿದೆ’. ಹೊಡೆದಳು. ಕಣ್ಣೀರು ಕೈಮೇಲೆ ಬೀಳುತ್ತಿತ್ತು.

‘ಇನ್ನೂ ಇದೆ ಹೇಮಾ’ ಅಂತ ನಾನು ಅವಸರ ಮಾಡಿದೆ. ‘ಮುಖ್ಯವಾದದ್ದು ಇರೋದು ಇಲ್ಲೇ. ನಿನ್ನ. ಮಾತಿಗಲ್ಲ.’

ಅವಳು ಎರಡನ್ನೂ ಹೊಡೆದಳು. ಆಮೇಲೆ ಆ ಚುಕ್ಕೆಗಳನ್ನೇ ನೋಡುತ್ತ ಕೂತಳು. ಈಗ ಹಗುರಾಗುತ್ತಾಳೆ, ಈಗ ಜೋರಾಗಿ ಅಳುತ್ತಾಳೆ ಎಂದು ಕಾಯುತ್ತಿದ್ದೆ. ಎರಡೂ ಆಗಲಿಲ್ಲ. ಸೆರಗಿನಿಂದ ಕೀಬೋರ್ಡಿನ ಮೇಲಿನ ನೀರು ಒರೆಸಿದಳು.

‘ಸತ್ತವರು ಸುಳ್ಳು ಹೇಳಲ್ಲ ಅಕ್ಕ’ ಅಂದಳು. ‘ಆದ್ರೆ ಇದನ್ನ ಬರೆಯುವಾಗ ಅವರು ಬದುಕಿದ್ರು.’

‘ನೀವು ಕೇಳಿದ್ದು ಪಾಸ್‌ವರ್ಡ್, ಅವರು ಹೇಳಿದ್ದೂ ಪಾಸ್‌ವರ್ಡ್, ಅಷ್ಟು ಮಾತ್ರ ನಿಜ’ ಎಂದು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಎಂಟರ್ ಒತ್ತಿದಳು. ಕೀಲಿ ತೆರೆಯಿತು, ಅಪ್‌ಡೇಟ್ ಹೋಯಿತು. ಎದ್ದು ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿ, ಹೊಲಿಗೆ ಕ್ಲಾಸಿಗೆ ಹೊತ್ತಾಯಿತೆಂದು ಹೇಳಿ ಮೆಟ್ಟಿಲಿಳಿದಳು.